ಗುರುಬಸವ್ವನ ಗೋಡೆ

ಹೊಳೆಯ ದಂಡೆಗೊಂದು ಆಶ್ರಮ. ಅಲ್ಲಿಯ ಗುರು ಜಪಮಾಲೆ ಹಿಡಿದವರಲ್ಲ, ಉಳಿ ಹಿಡಿದವರು. ಜಾತಿಯಿಂದಲೂ ಬಡಗಿ, ಜೀವದಿಂದಲೂ ಬಡಗಿ. ಹೆಸರು ಈರಾಚಾರ್ಯ ಅಂತಿದ್ದರೂ ಎಲ್ಲರ ಬಾಯಲ್ಲೂ ಅವರು ಅಜ್ಜಾರೇ.

ಅಜ್ಜಾರ ಕೆಲಸಕ್ಕೆ ಕಾಲಿರುತ್ತಿರಲಿಲ್ಲ. ಅವರು ಮಾಡಿದ ಮಂಚ, ಬೆಂಚು, ಕಪಾಟು ಎಲ್ಲ ಗೋಡೆಯೊಳಗೇ ಕೂಡಿಸಿದ್ದು. ಗೋಡೆ ಎದ್ದಾಗಲೇ ಅವೂ ಎದ್ದವೇನೋ ಅನ್ನಬೇಕು, ಹಾಗೆ.

"ಮಾರಾಕೂ ಬರಂಗಿಲ್ಲ, ಸಿಟ್ಟು ಬಂದಾಗ ಎತ್ತಿ ಒಗಿಯಾಕೂ ಬರಂಗಿಲ್ಲ. ಸಂಸಾರಕ್ಕ ಇಂಥಾದ್ದ ಬರೋಬ್ಬರಿ," ಅಂತ ಜನ ನಗುತ್ತಿದ್ದರು.

ಮಾನಪ್ಪ ಅವರ ಶಿಷ್ಯ. ಹನ್ನೊಂದು ವರ್ಷದಿಂದ ಅವರ ಜೊತೆಗಿದ್ದ. ಅವನು ಕೂಡಿಸಿದ ಎರಡು ಹಲಗೆಗಳ ನಡುವೆ ಕೂದಲೆಳೆಯೂ ತೂರುತ್ತಿರಲಿಲ್ಲ. ಆ ಮಾತು ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಅವನಿಗೆ ಗೊತ್ತಿದ್ದದ್ದೇ ಫಜೀತಿ.

ಒಂದು ದಿನ ಆಶ್ರಮದ ಅಡುಗೆಯ ಶೇಖಪ್ಪ ಅಜ್ಜಾರ ಮುಂದೆ ಬಂದು ನಿಂತ. ಸಂಸಾರಸ್ಥರಿಗೆಂದು ಕಟ್ಟಿದ ಸಾಲುಮನೆಯಲ್ಲಿ ಅವನದೊಂದು ಕೋಣೆ. ಅಷ್ಟರಲ್ಲೇ ಅವನು, ಹೆಂಡತಿ ನೀಲವ್ವ, ಐದು ವರ್ಷದ ಮಗಳು ಸಂಗಿ, ತೊಟ್ಟಿಲಲ್ಲೊಂದು ಕೂಸು, ಮತ್ತೆ ತಾಯಿ ಗುರುಬಸವ್ವ.

"ಅಜ್ಜಾರ, ಅವ್ವನ್ನ ಅಕ್ಕನ ಊರಿಗೆ ಕಳಸೂದಂತ ಮಾಡೀನ್ರಿ."

"ಯಾಕ? ಜಗಳೇನು?"

"ಜಗಳಿಲ್ರಿ. ಕಣ್ಣು ಪೂರಾ ಹೋದುವು. ಎರಡು ಸಲ ಬಿದ್ದಳು, ಮುಂಗೈ ಮುರಕೊಂಡಳು. ನಮ್ಮ ಖೋಲ್ಯಾಗ ಕಾಲಿಡಾಕ ಜಾಗಾ ಇಲ್ಲ. ಟ್ರಂಕು ಇವತ್ತು ಇಲ್ಲಿ, ನಾಳೆ ಅಲ್ಲಿ. ಅಕ್ಕಿ ಡಬ್ಬಿ, ಹೊಲಿಗಿ ಮಷೀನು, ತೊಟ್ಟಿಲು. ಈಗಂತೂ ಅವ್ವ ಮಂಚ ಬಿಟ್ಟು ಇಳಿಯೂದ ಇಲ್ಲ."

ಶೇಖಪ್ಪ ಹಿಂದೆ ಮುಂದೆ ನೋಡಿದ. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ.

"ನೀರು ಕುಡಿಯೂದು ಬಿಟ್ಟಾಳ್ರಿ. ಕುಡದ್ರ ಬಚ್ಚಲಕ್ಕ ಹೋಗಬೇಕಲ್ಲ, ಯಾರನ್ನಾರ ಕರೀಬೇಕಲ್ಲ, ಅದಕ್ಕ. ತುಟಿ ಒಡದಾವು. ಕೇಳಿದ್ರ ನೀರಡಿಕಿ ಇಲ್ಲಂತಾಳ."

"ಹೋಗಾಕ ಮನಸೈತೇನು ಆಕಿಗೆ?"

"ಎಲ್ಲಿ ಇಟ್ರೂ ಒಂದ ಅಂತಾಳ."

ಅಜ್ಜಾರು ಹೊಳೆಯ ಕಡೆ ನೋಡಿದರು.

"ಒಂದು ತಿಂಗಳು ತಡೀ," ಅಂದರು. ಆಮೇಲೆ ತಿರುಗಿ ಕರೆದರು. "ಮಾನಪ್ಪ, ಈ ಖೋಲಿ ನಿಂದು. ನಾ ಬರಂಗಿಲ್ಲ."

ಮಾನಪ್ಪ ಕೈಯಲ್ಲಿದ್ದ ಉಳಿ ಕೆಳಗಿಟ್ಟ. ಹನ್ನೊಂದು ವರ್ಷದಲ್ಲಿ ಒಂದು ಕೋಣೆಯನ್ನೂ ಅಜ್ಜಾರು ಅವನೊಬ್ಬನಿಗೇ ಬಿಟ್ಟಿರಲಿಲ್ಲ.

"ಏನ ಮಾಡಲ್ರಿ ಅಜ್ಜಾರ?"

"ಮೊದಲ ಗ್ವಾಡಿ ನೋಡು. ಆಮ್ಯಾಲ ಕಟಗಿ ಮುಟ್ಟು."

ಮಾನಪ್ಪ ಹೋಗಿ ಗೋಡೆ ನೋಡಿದ. ನೋಡಿ ಮುಖ ಕಿವುಚಿದ. ಅಯ್ಯೋ ಶಿವನೇ, ಅದೇನು ಗೋಡೆಯೋ! ಎಲ್ಲಿ ನೋಡಿದರೂ ತಲೆಎಣ್ಣೆಯ ಕಲೆ, ಸಣ್ಣ ಕೈಗಳ ಮಸಿ, ಇದ್ದಲಿಯಲ್ಲಿ ಗೀಚಿದ ಆನೆಯೋ ಎಮ್ಮೆಯೋ ಒಂದು. ಇಷ್ಟು ಹೊಲಸು ಗೋಡೆಗೆ ತನ್ನ ಸಾಗವಾನಿ ಹಲಗೆ ಕೂಡಿಸುವುದೇ? ಅವನು ಒಂದು ಡಬ್ಬಿ ಸುಣ್ಣ ಕಲಸಿದ. ಮೂರು ಗೋಡೆ ಬೆಳ್ಳಗೆ ಬಳಿದ. ಮಂಚದ ಮಗ್ಗುಲಿನ ಗೋಡೆಗೆ ಬರುವಷ್ಟರಲ್ಲಿ ಸುಣ್ಣ ತೀರಿತು. ಆ ಮೂಲೆಯನ್ನು ಯಾರು ನೋಡುತ್ತಾರೆ ಅಂತ ಬಿಟ್ಟ.

ಆಮೇಲೆ ಟೇಪು ಹಿಡಿದು ಅಳೆದ. ಹತ್ತು ದಿನ ಉಳಿ ಕೆಳಗಿಡಲಿಲ್ಲ.

ಮಂಚದ ಆಚೆಯ ಮೂಲೆಯಿಂದ ಬಾಗಿಲಿನವರೆಗೆ ಉದ್ದಕ್ಕೆ ಬೆಂಚು, ಅದರ ಮೇಲೆ ಗಾಜಿನ ಬಾಗಿಲಿನ ಕಪಾಟು, ಕಪಾಟಿನ ನೆತ್ತಿಗೆ ಎರಡು ಗಿಳಿ. ಕನ್ನಡಿಯ ಹಾಗೆ ನುಣುಪು. ಇಡೀ ಸಾಲುಮನೆ ಬಂದು ನೋಡಿ ಹೋಯಿತು. "ಅರಮನಿ ಮಾಡಿದಿ ಬಿಡಪ್ಪ!" ಅಂದರು. ಮಾನಪ್ಪನ ಕಾಲು ನೆಲದ ಮೇಲಿರಲಿಲ್ಲ.

ಅಜ್ಜಾರು ಬಂದರು.

ಗಿಳಿ ನೋಡಲಿಲ್ಲ. ಗಾಜು ನೋಡಲಿಲ್ಲ. ನೀಲವ್ವ ಎಲ್ಲಿ ಕೂತಿದ್ದಾಳೆ ಅಂತ ನೋಡಿದರು. ಅಷ್ಟುದ್ದದ ಬೆಂಚು ಬಿಟ್ಟು ಆಕೆ ನೆಲದ ಮೇಲೆ ಕೂತು ಕೂಸಿಗೆ ಹಾಲು ಕುಡಿಸುತ್ತಿದ್ದಳು. ಕೂಸಿನ ಹಣೆಯ ಮೇಲೊಂದು ಬುಗುಟೆ.

"ಇದೇನಾತು?"

"ಬೆಂಚಿನ ಮೂಲಿ ಬಡೀತ್ರಿ," ಅಂದಳು ನೀಲವ್ವ, ತಪ್ಪು ತನ್ನದೇ ಎಂಬಂತೆ.

ಅಜ್ಜಾರು ಮುದುಕಿಯ ಹತ್ತಿರ ಹೋಗಿ ಕೂತರು.

"ಹೆಂಗೈತಿ ಗುರುಬಸವ್ವ, ಹೊಸಾ ಖೋಲಿ?"

"ಚೊಲೋ ಐತಂತ ಎಲ್ಲಾರೂ ಅಂತಾರ್ರಿ."

"ನೀ ಏನಂತಿ?"

ಆಕೆ ಸೆರಗಿನ ಚುಂಗು ಬೆರಳಿಗೆ ಸುತ್ತುತ್ತ ಕೂತಳು.

ಅಜ್ಜಾರು ತಲೆಯೆತ್ತಿದರು. "ಮಾನಪ್ಪ, ಗ್ವಾಡಿ ಯಾರು ಬಳದವರು?"

"ನಾನ ರಿ. ಭಾಳ ಹೊಲಸಾಗಿತ್ತು."

"ಬಂದ ಪತ್ರ ಓದೂಕಿಂತ ಮೊದಲ ನೀರಾಗ ಹಾಕಿದಿ."

ಮಾನಪ್ಪನಿಗೆ ತಿಳಿಯಲಿಲ್ಲ. ಅಜ್ಜಾರು ಎದ್ದು, ಸುಣ್ಣ ಸಾಲದೆ ಬಿಟ್ಟಿದ್ದ ಆ ಗೋಡೆಯ ಹತ್ತಿರ ಅವನನ್ನು ಕರೆದರು. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದಿತ್ತು.

"ಇದೇನು?"

"ಎಣ್ಣಿ ಕಲೆ ರಿ."

"ಯಾರದು?"

"ಅದು ಹೆಂಗ ಗೊತ್ತಾಗಬೇಕ್ರಿ?"

"ನೆಲದಿಂದ ಎರಡೂವರಿ ಫೂಟು. ನೆಲದ ಮ್ಯಾಲ ಕುಂತವರು ಗ್ವಾಡಿಗೆ ತಲಿ ಆನಿಸ್ಯಾರ. ಕಲೆ ಎಡಕ್ಕ ವಾಲೇತಿ ನೋಡು. ಎಡಗೈಯಾಗ ಕೂಸು ಹಿಡಕೊಂಡು, ದಣದು, ತಲಿ ಒರಗಿಸ್ಯಾಳ. ದಿನಾ. ನೀಲವ್ವ ಎಲ್ಲಿ ಕುಂಡ್ರತಾಳ, ಎಷ್ಟು ಎತ್ತರದಾಗ ಕುಂಡ್ರತಾಳ, ಎಲ್ಲಾ ಬರದಿಟ್ಟಾಳ."

ನೀಲವ್ವ ನಾಚಿ ಸೆರಗು ಎಳೆದುಕೊಂಡಳು. ಅಜ್ಜಾರು ಹೇಳಿದ ಭಂಗಿಯಲ್ಲೇ ಆಕೆ ಕೂತಿದ್ದಳು.

"ಇವು ಸಣ್ಣ ಕೈ, ಸಂಗೀವು. ಇಲ್ಲಿ ಜಿಗದು ಗೂಟಕ್ಕ ಕೈ ಹಾಕ್ಯಾಳ, ಎಟಕಿಲ್ಲ. ಮತ್ತ ಜಿಗದಾಳ."

"ಅಲ್ಲಿ ನನ್ನ ಫ್ರಾಕು ಹಾಕತಾರ," ಅಂದಳು ಸಂಗಿ, ದೊಡ್ಡ ಕಣ್ಣು ಮಾಡಿ. "ಅಜ್ಜಾರಿಗೆ ಯಾರು ಹೇಳಿದ್ರು?"

ಮಾನಪ್ಪ ಗೋಡೆಯ ಹತ್ತಿರಕ್ಕೆ ಬಗ್ಗಿದ. ಅದೇ ಗೋಡೆಯನ್ನು ಅವನು ಹತ್ತು ದಿನ ನೋಡಿದ್ದ. ಏನು ನೋಡಿದ್ದ?

ಅಜ್ಜಾರ ಬೆರಳು ಮುಂದೆ ಸರಿಯಿತು. ಸೊಂಟದ ಎತ್ತರಕ್ಕೆ ಅಲ್ಲೊಂದು ಗೆರೆ ಇತ್ತು. ತೆಳ್ಳಗೆ, ಕಂದು ಬಣ್ಣ. ದಾರ ಎಳೆದ ಹಾಗೆ ಮಂಚದಿಂದ ಹೊರಟು ಮೂಲೆಯವರೆಗೆ ಬಂದಿತ್ತು.

"ಇದು?"

ಕೇಳಿ ತಾವೇ ನಾಲ್ಕು ಬೆರಳು ಗೆರೆಯ ಮೇಲಿಟ್ಟರು.

"ನಾಕು ಬೆರಳಿನ ಗುರತು. ಒಂದ ಸಲದ್ದಲ್ಲ. ನೂರು ಸಲ, ಇನ್ನೂರು ಸಲ ಹೋಗಿ ಬಂದ ಕೈ."

"ಅವ್ವ ಏಳೂದ ಇಲ್ರಿ ಅಜ್ಜಾರ," ಅಂದ ಶೇಖಪ್ಪ. "ಆರು ತಿಂಗಳಾತು, ಮಂಚ ಬಿಟ್ಟು ತಾನಾಗಿ..."

ಅವನ ಮಾತು ಅಲ್ಲಿಗೇ ನಿಂತಿತು. ತಾಯಿಯ ಮುಖ ನೋಡಿದ್ದ. ಗುರುಬಸವ್ವ ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗಿಯಂತೆ ತಲೆ ತಗ್ಗಿಸಿದ್ದಳು.

"ನೀವೆಲ್ಲಾ ಊಟದ ಪಂಕ್ತಿಗೆ ಹೋದಾಗ ಏಳತಿದ್ನಿ," ಅಂದಳು. "ಬೈತೀರಂತ ಹೇಳಿಲ್ಲ."

"ಎಲ್ಲಿಗೆ ಹೊಂಟಿದ್ದಿ ಯವ್ವಾ?" ಅಂದ ಶೇಖಪ್ಪ.

"ಎಲ್ಲಿಗಿಲ್ಲ. ಬಾಗಲದ ತನಕಾ. ಎಂಟು ಹೆಜ್ಜಿ ಹೋಗತಿದ್ನಿ. ಟ್ರಂಕು ಅಡ್ಡ ಬಂದ್ರ ಗ್ವಾಡಿ ತಪ್ಪತಿತ್ತು. ಇನ್ನ ಮೂರು ಹೆಜ್ಜಿ ಉಳೀತಿತ್ತು ನೋಡು, ಹೆದರಿಕಿ ಬರತಿತ್ತು. ಹೊಳ್ಳಿ ಬರತಿದ್ನಿ."

ಅಜ್ಜಾರು ಮೆಲ್ಲಗೆ ಕೇಳಿದರು. "ಈಗ?"

"ಈಗ ಗ್ವಾಡಿ ಸಿಗಂಗಿಲ್ರಿ. ಏನೋ ನುಣುಪಿಂದು ಬಂದೈತಿ. ಎಲ್ಲಿ ಮುಟ್ಟಿದ್ರೂ ಒಂದ ಥರ. ಎಲ್ಲದೀನಿ ಅಂತ ಗೊತ್ತಾಗಂಗಿಲ್ಲ. ಮೊನ್ನೆ ಕಪಾಟಿನ ಬಾಗಲಾ ತೆರದಿತ್ತು, ಮಾರಿಗೆ ಬಡೀತು."

ಮಾನಪ್ಪ ಆ ಗೆರೆಯ ಮೇಲೆ ಕಣ್ಣಿಟ್ಟ. ಮೂಲೆಯವರೆಗೆ ಬಂದಿತ್ತು ಗೆರೆ. ಮೂಲೆ ತಿರುಗಿದರೆ ಅವನ ಸುಣ್ಣ. ಸುಣ್ಣದ ಮೇಲೆ ಅವನ ಬೆಂಚು. ಕಣ್ಣಿಲ್ಲದ ಒಂದು ಮುದಿ ಜೀವ ಆರು ತಿಂಗಳು ಒಬ್ಬಂಟಿಯಾಗಿ ಹೆಜ್ಜೆ ಹೆಜ್ಜೆಗೆ ಮಾಡಿಕೊಂಡಿದ್ದ ದಾರಿಯನ್ನು ಅವನು ಅರ್ಧ ದಿನದಲ್ಲಿ ಅಳಿಸಿಬಿಟ್ಟಿದ್ದ. 

"ನಂದು ತಪ್ಪಾತ್ರಿ ಅಜ್ಜಾರ."

"ಹಾಕಿದವ ನೀನ, ನೀನ ತಗಿ."

ಅವತ್ತೇ ಬೆಂಚು ತೆಗೆದ, ಕಪಾಟು ತೆಗೆದ. ಗಿಳಿಗಳು ಹೊರಗೆ ಕಟ್ಟಿಗೆ ರಾಶಿಯ ಮೇಲೆ ಬಿದ್ದವು. ಟ್ರಂಕು, ಡಬ್ಬಿ, ಮಷೀನು ಎಲ್ಲ ಮೊದಲಿನಂತೆ ನೆಲಕ್ಕೆ ಬಂದವು. ಬೆಳ್ಳನೆಯ ಗೋಡೆ ಅವನನ್ನೇ ನೋಡುತ್ತಿತ್ತು.

"ಈಗೇನ್ ಮಾಡಲ್ರಿ? ಗ್ವಾಡಿ ಮ್ಯಾಲ ಏನೂ ಉಳದಿಲ್ಲ."

"ಸಂಸಾರ ಮತ್ತ ಬರೀತೈತಿ. ವರ್ಷ ಬೇಕು."

"ವರ್ಷ ಎಲ್ಲೈತ್ರಿ? ಇಪ್ಪತ್ತು ದಿವಸದಾಗ ಆಕಿನ್ನ ಕಳಸತಾರ!"

"ಹಂಗಾರ ನೀನ ಗ್ವಾಡಿ ಆಗು."

ಅಷ್ಟು ಹೇಳಿ ಅಜ್ಜಾರು ಹೋಗಿಬಿಟ್ಟರು. ಇಂಥ ಗುರುವನ್ನು ಕಟ್ಟಿಕೊಂಡರೆ ಶಿಷ್ಯನ ಪಾಡು ಏನು ಹೇಳಬೇಕು! ಮಾನಪ್ಪ ಆ ರಾತ್ರಿ ಉಣ್ಣಲಿಲ್ಲ.

ಬೆಳಗಾಗುತ್ತಲೇ ಶೇಖಪ್ಪನ ಮನೆಗೆ ಹೋದ. ಬಾಗಿಲಿಗೆ ಮೂರು ಹೆಜ್ಜೆ ಈಚೆ, ಟ್ರಂಕು ಇರುತ್ತಿದ್ದ ಜಾಗದಲ್ಲಿ, ಟ್ರಂಕು ಸರಿಸಿ, ಗೋಡೆಗೆ ಬೆನ್ನು ಕೊಟ್ಟು ಕೂತ. ಕೈಯಲ್ಲಿ ಟೇಪಿಲ್ಲ, ಉಳಿಯಿಲ್ಲ.

"ಏನ್ ಬೇಕಿತ್ತಣ್ಣಾ?" ಅಂದಳು ನೀಲವ್ವ.

"ಏನೂ ಬ್ಯಾಡವ್ವಾ. ನಾ ಇಲ್ಲ ಅಂತ ತಿಳಿ."

ಒಂದು ದಿನ ಎಲ್ಲರೂ ಸಂಕೋಚಪಟ್ಟರು. ಎರಡನೆಯ ದಿನ ಮರೆತರು. ಸಂಸಾರಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು?

ಸಂಗಿ ಅವನ ತೊಡೆಯ ಮೇಲೆ ಕಾಲಿಟ್ಟು ಅಲ್ಲಿದ್ದ ಇನ್ನೊಂದು ಗೂಟಕ್ಕೆ ಕೈ ಹಾಕಿದಳು. ಇದ್ದಲಿ ತಂದು ಅವನ ಅಂಗಿಯ ಮೇಲೆ ಆನೆ ಬರೆದಳು. ಅವನು ಅಲುಗಲಿಲ್ಲ.

ಕೂಸು ತೆವಳಿಕೊಂಡು ಬಂದು ಅವನ ಮೊಣಕಾಲು ಹಿಡಿದು, ಜಗ್ಗಿ, ಜನ್ಮದಲ್ಲಿ ಮೊದಲನೆಯ ಸಲ ಎದ್ದು ನಿಂತಿತು. ಆ ಸಣ್ಣ ಬೆರಳಿನ ಬಿಗಿ! ಮಾನಪ್ಪನಿಗೆ ಉಸಿರಾಡಲೂ ಭಯ. ಬೆಂಚಿನ ಎತ್ತರ ಎಷ್ಟಿರಬೇಕು ಅಂತ ಅವನ ಮೊಣಕಾಲಿಗೆ ಆಗ ಗೊತ್ತಾಯಿತು.

ನೀಲವ್ವ ಮಷೀನು ತುಳಿಯುವಾಗ ಸೂಜಿ ಇಡಲು ಎಲ್ಲಿ ಕೈ ಚಾಚುತ್ತಾಳೆ, ಶೇಖಪ್ಪ ದಣಿದು ಬಂದವನೇ ಟವಲು ಎಲ್ಲಿ ಒಗೆಯುತ್ತಾನೆ, ಎಲ್ಲ ನೋಡಿದ. ದಿನಕ್ಕೆ ಏಳು ಸಲ ಅದೇ ಜಾಗಕ್ಕೆ ಅದೇ ಕೈ. ಒಂದು ಕೋಣೆಯಲ್ಲಿ ಇಷ್ಟೊಂದು ನಡೆಯುತ್ತದೆಯೇ ಅಂತ ಬೆರಗಾದ.

ಆದರೆ ಗುರುಬಸವ್ವ ಮಂಚ ಬಿಟ್ಟು ಇಳಿಯಲಿಲ್ಲ.

ಐದನೆಯ ದಿನ ಮಧ್ಯಾಹ್ನ ಎಲ್ಲರೂ ಊಟದ ಪಂಕ್ತಿಗೆ ಹೋದರು. ಮಾನಪ್ಪ ಕೂತೇ ಇದ್ದ. ಅವನೂ ಉಣ್ಣಲು ಹೋದ ಅಂತ ಮುದುಕಿ ತಿಳಿದಿದ್ದಳು.

ಮಂಚ ಕಿರುಗುಟ್ಟಿತು.

ಒಂದು ಕಾಲು ನೆಲಕ್ಕೆ ಬಂತು. ಇನ್ನೊಂದು ಬಂತು. ಕೈ ಗೋಡೆ ಹುಡುಕಿತು, ಸಿಕ್ಕಿತು. ಮುಖದ ಮೇಲೆ ಒಂದು ನಗೆ ಹಾದುಹೋಯಿತು. ಮೂಲೆ ತಿರುಗಿದಳು. ಆರು ಹೆಜ್ಜೆ. ಏಳು. ಬೆರಳುಗಳು ಸುಣ್ಣವನ್ನು ಸವರುತ್ತ ಬರುತ್ತಿದ್ದ ಸಪ್ಪಳ ಮಾನಪ್ಪನಿಗೆ ಕೇಳಿಸುತ್ತಿತ್ತು. ಏಳಬೇಕೆ? ಕೈ ಹಿಡಿಯಬೇಕೆ? ಗೋಡೆ ಏಳುವುದಿಲ್ಲ. ಅವನು ಹಲ್ಲು ಕಚ್ಚಿ ಕೂತ.

ಎಂಟನೆಯ ಹೆಜ್ಜೆಗೆ ಆಕೆಯ ಕಾಲಿಗೆ ಅವನ ಮೈ ತಾಕಿತು. ಆಕೆ ನಿಂತಳು. ಬಾಗಿ ಮುಟ್ಟಿದಳು. ಕೈ ಅವನ ತಲೆಯ ಮೇಲೆ ಬಂತು, ಹಣೆಗೆ ಇಳಿಯಿತು.

"ಅಯ್ಯ! ನಮ್ಮ ಟ್ರಂಕಿಗೆ ಕೂದಲಾ ಬಂದಾವಲ್ಲ," ಅಂದಳು.

ಮಾನಪ್ಪ ತುಟಿ ಬಿಚ್ಚಲಿಲ್ಲ. ಆದರೆ ಕಣ್ಣು ಅವನ ಮಾತು ಕೇಳಲಿಲ್ಲ. ಆಕೆಯ ಬೆರಳು ಕೆನ್ನೆಗೆ ಇಳಿದು ಒದ್ದೆಯಾಯಿತು.

"ಅಳತೈತಿ ಬ್ಯಾರೆ." ಗುರುಬಸವ್ವ ಅವನ ಹೆಗಲ ಮೇಲೆ ಕೈ ಊರಿದಳು. "ಸುಮ್ನಿರು ತಮ್ಮಾ. ನಿನ್ನ ಮ್ಯಾಲ ಸಿಟ್ಟಿಲ್ಲ."

ಹೆಗಲು ಹಿಡಿದೇ ಆಕೆ ಇನ್ನೊಂದು ಹೆಜ್ಜೆ ಇಟ್ಟಳು. ಹೆಗಲು ಮುಗಿಯಿತು. ಆಚೆ ಗಾಳಿಯಲ್ಲಿ ಕೈ ಚಾಚಿದಳು. ಕೈ ಮುಂದೆ ಹೋಗಲಾರದೆ ಹಿಂದೆ ಬಂತು. ಆ ಕೈಯಿಂದ ಗೋಡೆಗೆ ಒಂದು ಗೇಣಿನಷ್ಟು ದೂರ, ಅಷ್ಟೇ. ಒಂದು ಗೇಣು ಎಷ್ಟು ದೊಡ್ಡದು ಅಂತ ಹನ್ನೊಂದು ವರ್ಷ ಟೇಪು ಹಿಡಿದವನಿಗೆ ಅವತ್ತು ಗೊತ್ತಾಯಿತು.

ಮರುದಿನದಿಂದ ಮಾನಪ್ಪ ಮತ್ತೆ ಉಳಿ ಹಿಡಿದ. ಈ ಸಲ ನೋಡಲು ಯಾರೂ ಬರಲಿಲ್ಲ. ನೋಡುವಂಥದ್ದು ಏನೂ ಇರಲಿಲ್ಲ.

ಮೊಣಕಾಲೆತ್ತರದ ಬೆಂಚು, ಒಂದು ಮೂಲೆಯೂ ಚೂಪಿಲ್ಲ. ಟ್ರಂಕು, ಅಕ್ಕಿ ಡಬ್ಬಿ, ಎರಡೂ ಅದರ ಹೊಟ್ಟೆಯೊಳಗೆ. ಮಷೀನಿಗೆ ಗೋಡೆಯಲ್ಲೇ ಒಂದು ಗೂಡು. ನೀಲವ್ವ ಒರಗುವ ಕಡೆ ಬೆಂಚು ಇನ್ನೂ ತಗ್ಗಿ, ತಲೆಗೊಂದು ಓರೆ ಹಲಗೆ. ಸಂಗಿಯ ಗೂಟ ಸಂಗಿಯ ಕೈಗೆ. ಕಪಾಟಿನ ಬಾಗಿಲು ಹೊರಗೆ ತೆರೆಯುವುದಿಲ್ಲ, ಒಳಗೇ ಸರಿಯುತ್ತದೆ.

ಎಲ್ಲದರ ಮೇಲೆ, ಸೊಂಟದ ಎತ್ತರಕ್ಕೆ, ಮಂಚದಿಂದ ಹೊರಟು ಮೂಲೆ ತಿರುಗಿ ಬಚ್ಚಲು ದಾಟಿ ಬಾಗಿಲಿನವರೆಗೆ ಎಲ್ಲಿಯೂ ತುಂಡಾಗದ ಒಂದು ಪಟ್ಟಿ. ಅದಕ್ಕೆ ಅವನು ನುಣುಪು ಕೊಡಲಿಲ್ಲ. ತೊಟ್ಟಿಲ ಹತ್ತಿರ ಬೆರಳಿಗೆ ಸಿಗುವಂತೆ ಒಂದು ಕುಳಿ ತೆಗೆದ. ನೀರಿನ ಕೊಡದ ಹತ್ತಿರ ಮೂರು ಗೀರು. ಬಚ್ಚಲ ಹತ್ತಿರ ಕಡಲೆಕಾಳಿನಂಥ ಒಂದು ಗುಂಡು. ಬಾಗಿಲ ಹತ್ತಿರ ಹಲಗೆಗೆ ಕೀಸುಳಿಯನ್ನೇ ಹಾಕಲಿಲ್ಲ, ಮರ ಹೇಗಿತ್ತೋ ಹಾಗೇ ಬಿಟ್ಟ.

ತಿಂಗಳ ಕೊನೆಯ ದಿನ ಅಜ್ಜಾರು ಬಂದರು. ಬಂದವರೇ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತರು. ಶೇಖಪ್ಪ ಮೂಲೆಯಲ್ಲಿ ತಾಯಿಯ ಬಟ್ಟೆಯ ಗಂಟು ಕಟ್ಟಿ ಇಟ್ಟಿದ್ದ. ಮಾನಪ್ಪ ಆ ಗಂಟು ನೋಡಿದ. 

"ಯವ್ವಾ," ಅಂದ, "ಒಂದ ಸಲ ಏಳತೀಯೇನು?"

"ಎಲ್ಲಾರ ಮುಂದ?"

"ಎಲ್ಲಾರ ಮುಂದ."

ಗುರುಬಸವ್ವ ಎದ್ದಳು.

ಕೈ ಪಟ್ಟಿಗೆ ಸಿಕ್ಕಿತು. ಮೂಲೆಗೆ ಬಂದಳು, ತಿರುಗಿದಳು. ಎಲ್ಲರೂ ಆಕೆಯ ಕೈಯನ್ನೇ ನೋಡುತ್ತಿದ್ದರು. ಕೂಸು ಕೂಡ ಬೆಂಚು ಹಿಡಿದು ನಿಂತು ನೋಡುತ್ತಿತ್ತು.

ಬೆರಳು ಕುಳಿಗೆ ಬಂತು. "ತೊಟ್ಟಿಲಾ," ಅಂದಳು.

ಮೂರು ಗೀರಿಗೆ ಬಂತು. ಆಕೆ ನಿಂತಳು. ಮತ್ತೊಮ್ಮೆ ಸವರಿದಳು, ನಂಬದವಳಂತೆ. ಕೆಳಗೆ ಕೈ ಬಿಟ್ಟಳು, ಕೊಡ ಸಿಕ್ಕಿತು, ತಂಬಿಗೆ ಸಿಕ್ಕಿತು. ನಿಂತಲ್ಲೇ ಒಂದು ತಂಬಿಗೆ ನೀರು ಗಟಗಟ ಕುಡಿದಳು. ಇನ್ನೊಂದು ತುಂಬಿಸಿ ಅದನ್ನೂ ಕುಡಿದಳು. ಗದ್ದದಿಂದ ಎದೆಯ ಮೇಲೆ ಇಳಿದ ನೀರನ್ನು ಒರೆಸಿಕೊಳ್ಳಲೂ ಇಲ್ಲ.

ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಶೇಖಪ್ಪ ಎದ್ದು ಹೋಗಿ ಆ ಗಂಟು ಬಿಚ್ಚಿದ. "ಅಕ್ಕಗ ಹೇಳಿ ಕಳಸು, ಅವ್ವ ಬರಂಗಿಲ್ಲಂತ," ಅಂದ ಹೆಂಡತಿಗೆ. 

ಗುರುಬಸವ್ವ ಯಾರ ಕಡೆಗೂ ಕಿವಿಗೊಡಲಿಲ್ಲ. ಒಂಬತ್ತು ಹೆಜ್ಜೆ. ಹತ್ತು. ಗುಂಡು ದಾಟಿತು. ಒರಟು ಹಲಗೆ ಬಂತು. ಹನ್ನೊಂದು.

ಹೊಸ್ತಿಲು. ಆರು ತಿಂಗಳ ಮೇಲೆ ಬಿಸಿಲು ಆಕೆಯ ಮುಖದ ಮೇಲೆ ಬಿತ್ತು. ಕೆಳಗೆ ಹೊಳೆಯ ಸಪ್ಪಳ ಕೇಳಿಸುತ್ತಿತ್ತು. ಆಕೆ ಆ ಕಡೆ ಮುಖ ಮಾಡಿ ಕಣ್ಣರಳಿಸಿದಳು, ಕಾಣುವವರ ಹಾಗೆ. ಮಾನಪ್ಪನಿಗೆ ಕೈಮುಗಿಯಬೇಕು ಅನ್ನಿಸಿತು. ಯಾರಿಗೆ ಅಂತ ಗೊತ್ತಾಗಲಿಲ್ಲ, ಸುಮ್ಮನೆ ಮುಗಿದ.

ಆಕೆ ಮುಂದಕ್ಕೆ ಕೈ ಚಾಚಿದಳು. ಅಲ್ಲಿ ಗೋಡೆ ಇರಲಿಲ್ಲ.

ಮಾನಪ್ಪ ದಡಕ್ಕನೆ ಅಜ್ಜಾರ ಹತ್ತಿರ ಬಂದ. "ಅಜ್ಜಾರ, ನಾಳೆ ಹೊರಗೂ ಗೂಟ ಹುಗದು ಪಟ್ಟಿ ಹೊಡೀತೀನ್ರಿ! ಹೊಳಿ ಮೆಟ್ಟಲದ ತನಕಾ. ಎಲ್ಲೂ ತುಂಡ ಬಿಡಂಗಿಲ್ಲ. ಆಕಿ ಯಾರನ್ನೂ ಕರೀಬಾರ್ದು, ಹಂಗ ಮಾಡತೀನಿ!"

ಅಜ್ಜಾರು ಅವನ ಮುಂಗೈ ಹಿಡಿದು ಕಟ್ಟೆಯ ಮೇಲೆ ಕೂಡಿಸಿದರು.

"ಸಂಗೀ," ಅಂತ ಕರೆದಳು ಗುರುಬಸವ್ವ. "ಬಾರವ್ವಾ, ಹೊಳಿ ನೋಡಿ ಬರೂಣು."

ಸಂಗಿ ಒಳಗಿಂದ ಓಡಿ ಬಂದಳು. ಗಾಳಿಯಲ್ಲಿ ಚಾಚಿಕೊಂಡೇ ಇದ್ದ ಆ ಮುದಿ ಕೈಯೊಳಗೆ ತನ್ನ ಕೈ ತುರುಕಿದಳು. ಇಬ್ಬರೂ ಮಾತಾಡುತ್ತ ಮೆಟ್ಟಲಿಳಿದರು.

ಅಜ್ಜಾರು ಅವರು ಹೋಗುವುದನ್ನೇ ನೋಡುತ್ತ ಅಂದರು:

"ಎಲ್ಲಾ ನಾವ ಕಟ್ಟಿಬಿಟ್ರ, ಆ ಹುಡುಗಿ ಕೈಗೆ ಏನ ಉಳೀತೈತಿ, ಮಾನಪ್ಪ?"